ಸಾವಿರ ಗಂಟೆ ಸರಿ, ಯಾವ ದೀಪದ ಕೆಳಗೆ?

‘1000 ಗಂಟೆಗಳ ಯುವಿ ಪರೀಕ್ಷೆಯಲ್ಲಿ ತೇರ್ಗಡೆ’ ಎಂಬ ಒಂದು ಸಾಲು ಈಚಿನ ವರ್ಷಗಳಲ್ಲಿ ನಮ್ಮ ವ್ಯಾಪಾರ ವಲಯದಲ್ಲಿ ಚಲಾವಣೆಯ ನಾಣ್ಯದಂತೆ ಕೈಯಿಂದ ಕೈಗೆ ದಾಟುತ್ತಿದೆ. ನೀರಿನ ಟ್ಯಾಂಕು, ಟಾರ್ಪಾಲಿನ್, ನೆರಳು ಬಲೆ, ನಾಮಫಲಕದ ಹಾಳೆ, ಕಿಟಕಿಯ ಚೌಕಟ್ಟು, ಹೊರಾಂಗಣ ಬಣ್ಣ, ಹೀಗೆ ಬಿಸಿಲಿನಲ್ಲಿ ನಿಲ್ಲಬೇಕಾದ ಯಾವ ಸರಕನ್ನೇ ತೆಗೆದುಕೊಂಡರೂ ಅದರ ವಿವರಪತ್ರದಲ್ಲಿ ಈ ಸಾಲು ಇದ್ದೇ ಇರುತ್ತದೆ. ಕೊಳ್ಳುವವರು ಅದನ್ನು ನೋಡಿ ತೃಪ್ತರಾಗುತ್ತಾರೆ, ಮಾರುವವರು ಅದನ್ನು ತೋರಿಸಿ ನಿಶ್ಚಿಂತರಾಗುತ್ತಾರೆ. ಆದರೆ ಆ ಸಾವಿರ ಗಂಟೆಗಳ ಕಾಲ ಸೂರ್ಯನ ಬದಲಿಗೆ ಉರಿದದ್ದು ಯಾವ ದೀಪ ಎಂಬ ಪ್ರಶ್ನೆಯನ್ನು ಬಹುತೇಕ ಯಾರೂ ಕೇಳುವುದಿಲ್ಲ. ನಾನೂ ಬಹುಕಾಲ ಕೇಳಿರಲಿಲ್ಲ. ಕೇಳದಿದ್ದುದಕ್ಕೆ ದಂಡ ತೆತ್ತ ಮೇಲೆ ಈ ಲೇಖನ ಬರೆಯುತ್ತಿದ್ದೇನೆ.

ನನ್ನದು ಪೌಡರ್ ಕೋಟಿಂಗ್ ಮಾಡುವ ಒಂದು ಸಣ್ಣ ಘಟಕ. ಕೆಲವು ವರ್ಷಗಳ ಹಿಂದೆ ಉದ್ಯಾನದ ಬೆಂಚುಗಳು ಮತ್ತು ಹೊರಗಿನ ಗ್ರಿಲ್‌ಗಳಿಗೆ ಲೇಪನ ಮಾಡಿಕೊಡುವ ಒಂದು ಉತ್ತಮ ಆದೇಶ ದೊರೆಯಿತು. ಆದೇಶಪತ್ರದಲ್ಲಿ ಗುಣಮಟ್ಟದ ಬಗ್ಗೆ ಇದ್ದದ್ದು ಇಷ್ಟೇ: 1000 ಗಂಟೆಗಳ ಯುವಿ ಪರೀಕ್ಷೆಯ ನಂತರ ಹೊಳಪು ಅರ್ಧಕ್ಕಿಂತ ಕೆಳಗೆ ಇಳಿಯಬಾರದು. ಹೊರಾಂಗಣಕ್ಕೆಂದೇ ತಯಾರಾದ ಪಾಲಿಯೆಸ್ಟರ್ ಪುಡಿಯನ್ನು ಬಳಸಿದ್ದೆವು, ಆದ್ದರಿಂದ ಭಯವಿರಲಿಲ್ಲ. ಆದರೆ ಪ್ರಯೋಗಾಲಯಕ್ಕೆ ಕಳುಹಿಸಿದ ಫಲಕಗಳು ಅರ್ಧ ಅವಧಿಯೂ ಮುಗಿಯುವ ಮೊದಲೇ ಹೊಳಪು ಕಳೆದುಕೊಂಡು, ಬೆರಳಿನಿಂದ ಒರೆಸಿದರೆ ಸುಣ್ಣದಂಥ ಪುಡಿ ಹತ್ತುವ ಸ್ಥಿತಿಗೆ ಬಂದವು. ಸರಕು ನಿಂತಿತು, ಹಣ ನಿಂತಿತು, ಒಂದು ಭಾಗವನ್ನು ಕೆರೆದು ಮತ್ತೆ ಲೇಪಿಸಿ ಕೊಡಬೇಕಾಯಿತು. ವರದಿಯ ಎರಡನೆಯ ಪುಟವನ್ನು ನಾನು ಓದಿದ್ದು ಇದೆಲ್ಲ ಮುಗಿದ ಮೇಲೆ. ಅಲ್ಲಿ ಸಣ್ಣ ಅಕ್ಷರಗಳಲ್ಲಿ ‘ದೀಪ: ಯುವಿಬಿ-313’ ಎಂದಿತ್ತು.

ಕೊಳ್ಳುವವರು ಅಪ್ರಾಮಾಣಿಕರಾಗಿರಲಿಲ್ಲ, ಪ್ರಯೋಗಾಲಯವೂ ತಪ್ಪು ಮಾಡಿರಲಿಲ್ಲ. ಆದೇಶಪತ್ರದಲ್ಲಿ ದೀಪದ ಹೆಸರಿರಲಿಲ್ಲ. ಪ್ರಯೋಗಾಲಯ ತನ್ನಲ್ಲಿದ್ದ ದೀಪವನ್ನು ಹಚ್ಚಿತು. ಅದೇ ಕಂತಿನ ಎರಡು ಫಲಕಗಳನ್ನು ಅಂದು ಹಠಕ್ಕೆಂದು ಘಟಕದ ಮಾಳಿಗೆಯ ಮೇಲೆ ಬಿಸಿಲಿಗೆ ಕಟ್ಟಿದ್ದೆ. ಎರಡು ಬೇಸಿಗೆ, ಎರಡು ಮಳೆಗಾಲ ಕಳೆದರೂ ಅವುಗಳ ಹೊಳಪು ಸ್ವಲ್ಪ ಮಂಕಾದದ್ದು ಬಿಟ್ಟರೆ ಬೆರಳಿಗೆ ಪುಡಿ ಹತ್ತಲಿಲ್ಲ.

ಇದು ಹೇಗೆ ಸಾಧ್ಯ ಎಂಬುದನ್ನು ತಿಳಿಯಲು ಸೂರ್ಯನ ಬೆಳಕಿನ ಲೆಕ್ಕವನ್ನು ಸ್ವಲ್ಪ ನೋಡಬೇಕು. ನೆಲ ಮುಟ್ಟುವ ಬಿಸಿಲಿನ ಶಕ್ತಿಯಲ್ಲಿ ನೇರಳಾತೀತ ಕಿರಣಗಳ ಪಾಲು ನೂರಕ್ಕೆ ಐದಾರು ಮಾತ್ರ. ಉಳಿದದ್ದನ್ನು ಕಣ್ಣಿಗೆ ಕಾಣುವ ಬೆಳಕೂ ಶಾಖ ಕೊಡುವ ಅವಕೆಂಪು ಕಿರಣಗಳೂ ಹಂಚಿಕೊಂಡಿವೆ. ಈ ಅಲ್ಪ ಪಾಲೇ ಪ್ಲಾಸ್ಟಿಕ್ಕನ್ನೂ ಬಣ್ಣವನ್ನೂ ಹೆಚ್ಚಾಗಿ ಕೆಡಿಸುತ್ತದೆ, ಏಕೆಂದರೆ ತರಂಗಾಂತರ ಚಿಕ್ಕದಾದಷ್ಟೂ ಕಿರಣದ ಒಂದೊಂದು ಕಣದ ಶಕ್ತಿ ಹೆಚ್ಚು. ಆದರೆ ನಿಸರ್ಗವೇ ಒಂದು ಗಡಿ ಹಾಕಿದೆ. ಸುಮಾರು 295 ನ್ಯಾನೋಮೀಟರಿಗಿಂತ ಚಿಕ್ಕ ತರಂಗಾಂತರದ ಕಿರಣಗಳನ್ನು ಓಝೋನ್ ಪದರವು ಮೇಲೆಯೇ ತಡೆಯುತ್ತದೆ. ನಮ್ಮ ಬೆಂಚು ಎಷ್ಟು ವರ್ಷ ಬಿಸಿಲಿನಲ್ಲಿ ನಿಂತರೂ ಆ ಗಡಿಯಾಚೆಯ ಕಿರಣ ಅದಕ್ಕೆ ತಾಗುವುದಿಲ್ಲ.

ಯುವಿಬಿ-313 ಎಂಬ ಪ್ರತಿದೀಪ್ತ ಕೊಳವೆ ದೀಪ ಈ ಗಡಿಯನ್ನು ಗೌರವಿಸುವುದಿಲ್ಲ. ಅದರ ಬೆಳಕಿನ ತುದಿ 313 ನ್ಯಾನೋಮೀಟರಿನಲ್ಲಿದ್ದರೂ ಅದರ ಒಂದು ಭಾಗ 295ಕ್ಕಿಂತ ಕೆಳಗೆ ಚೆಲ್ಲುತ್ತದೆ. ಹೊರಾಂಗಣದ ಪಾಲಿಯೆಸ್ಟರ್ ರಾಳದಲ್ಲಿ ಬೆಂಜೀನ್ ಉಂಗುರಗಳಿವೆ, ಅವು ಈ ಚಿಕ್ಕ ತರಂಗಗಳನ್ನು ಆಸೆಯಿಂದ ಹೀರಿಕೊಂಡು ಮುರಿಯುತ್ತವೆ. ಅಂದರೆ ನನ್ನ ಫಲಕಗಳು ಭೂಮಿಯ ಮೇಲೆ ಇಲ್ಲದ ಒಂದು ಬಿಸಿಲಿನಲ್ಲಿ ಸೋತವು. ಪಾಲಿಕಾರ್ಬೊನೇಟ್ ಹಾಳೆಗಳ ವಿಷಯದಲ್ಲೂ ಹೀಗೆಯೇ; ಈ ದೀಪದ ಕೆಳಗೆ ಹೊರಗೆಂದೂ ಕಾಣದಷ್ಟು ಹಳದಿಯಾಗಬಹುದು. ಎರಡು ಸರಕುಗಳಲ್ಲಿ ಯಾವುದು ಮೇಲು ಎಂಬ ಕ್ರಮವೇ ತಲೆಕೆಳಗಾಗುವುದುಂಟು. ಅಗ್ಗದ ಸರಕು ಗೆದ್ದು ಒಳ್ಳೆಯ ಸರಕು ಸೋತರೆ ಅದರ ಪೆಟ್ಟು ಬೀಳುವುದು ಒಳ್ಳೆಯ ಕಚ್ಚಾವಸ್ತುವಿಗೆ ಹೆಚ್ಚು ಹಣ ಕೊಟ್ಟ ತಯಾರಕನ ಮೇಲೆ.

ಇದಕ್ಕಿಂತ ಕೆಟ್ಟದ್ದನ್ನೂ ಕಂಡಿದ್ದೇನೆ. ಕೆಲವು ಘಟಕಗಳಲ್ಲಿ ಒಂದು ತಗಡಿನ ಪೆಟ್ಟಿಗೆಯೊಳಗೆ ನೀರು ಶುದ್ಧೀಕರಣ ಯಂತ್ರದ ಕ್ರಿಮಿನಾಶಕ ದೀಪವನ್ನು ಕೂಡಿಸಿ ‘ನಮ್ಮಲ್ಲಿಯೇ ಯುವಿ ಪರೀಕ್ಷೆ ಇದೆ’ ಎಂದು ಹೇಳಿಕೊಳ್ಳುತ್ತಾರೆ. ಆ ದೀಪದ ಬೆಳಕು ಬಹುಪಾಲು 254 ನ್ಯಾನೋಮೀಟರಿನದು. ಬಿಸಿಲಿಗೂ ಅದಕ್ಕೂ ಯಾವ ನಂಟೂ ಇಲ್ಲ. ಕೆಲಸಗಾರರ ಕಣ್ಣಿಗೆ, ಚರ್ಮಕ್ಕೆ ಅದು ಅಪಾಯವೆಂಬುದು ಬೇರೆ ಮಾತು. ಆ ಪೆಟ್ಟಿಗೆಯನ್ನು ಈ ದಿನವೇ ಮುಚ್ಚಿಬಿಡುವುದು ಕ್ಷೇಮ.

ಹಾಗಾದರೆ ಪ್ರತಿದೀಪ್ತ ದೀಪಗಳೆಲ್ಲ ನಿರುಪಯೋಗಿಯೇ? ಅಲ್ಲ. ಯುವಿಎ-340 ಎಂಬ ಅದೇ ಜಾತಿಯ ಇನ್ನೊಂದು ಕೊಳವೆ 295ರಿಂದ ಸುಮಾರು 365 ನ್ಯಾನೋಮೀಟರಿನವರೆಗೆ ಬಿಸಿಲಿನ ನೇರಳಾತೀತ ಭಾಗವನ್ನು ಬಹಳ ಚೆನ್ನಾಗಿ ಅನುಕರಿಸುತ್ತದೆ. ಯಂತ್ರ ಸರಳ, ವಿದ್ಯುತ್ ಖರ್ಚು ಕಡಿಮೆ, ರಾತ್ರಿಯ ಇಬ್ಬನಿಯನ್ನು ಅನುಕರಿಸಿ ಫಲಕದ ಮೇಲೆ ತೇವ ಕೂರಿಸುವ ವ್ಯವಸ್ಥೆಯೂ ಅದರಲ್ಲಿದೆ. ಹೊಳಪು ಇಳಿಯುವುದು, ಪುಡಿ ಏಳುವುದು, ಪ್ಲಾಸ್ಟಿಕ್ ಪೆಡಸಾಗಿ ಬಿರಿಯುವುದು, ಇಂಥವನ್ನು ನೋಡಲು ಅದು ಸಾಕು. ಅಮೆರಿಕದ ಎಎಸ್‌ಟಿಎಂ ಜಿ 154 ಮಾನಕದಲ್ಲಿ ಎರಡೂ ದೀಪಗಳಿಗೆ ಸ್ಥಾನವಿದೆ ಎಂಬುದನ್ನು ಗಮನಿಸಬೇಕು. ‘ಜಿ 154 ಪ್ರಕಾರ ಪರೀಕ್ಷಿಸಲಾಗಿದೆ’ ಎಂದಷ್ಟೇ ಬರೆದ ವರದಿಯಲ್ಲಿ ಯಾವ ದೀಪ ಎಂಬ ಉತ್ತರ ಇನ್ನೂ ಬಂದಿಲ್ಲವೆಂದೇ ಅರ್ಥ. ಯುವಿಬಿ-313ಕ್ಕೂ ಒಂದು ನ್ಯಾಯವಾದ ಕೆಲಸವಿದೆ: ಒಂದೇ ಸರಕಿನ ಈ ತಿಂಗಳ ಕಂತು ಹೋದ ತಿಂಗಳ ಕಂತಿನಂತೆಯೇ ಇದೆಯೇ ಎಂದು ಬೇಗ ತಿಳಿಯುವುದು. ಅದರ ಆಚೆ ಅದರ ಮಾತನ್ನು ಪ್ರಮಾಣವಾಗಿ ಸ್ವೀಕರಿಸಬಾರದೆಂಬುದು ನನ್ನ ಅಭಿಪ್ರಾಯ.

ಈ ವಿಷಯವನ್ನು ಸಭೆಯೊಂದರಲ್ಲಿ ಪ್ರಸ್ತಾಪಿಸಿದಾಗ ಹಿರಿಯ ಸದಸ್ಯರೊಬ್ಬರು ಒಂದು ಆಕ್ಷೇಪ ಎತ್ತಿದರು. ಎಲ್ಲಕ್ಕಿಂತ ಕಠಿಣವಾದ ದೀಪದಲ್ಲಿ ಗೆದ್ದ ಸರಕು ಉಳಿದ ಎಲ್ಲ ಕಡೆಯೂ ಗೆಲ್ಲುತ್ತದಲ್ಲವೇ, ಕಠಿಣ ಪರೀಕ್ಷೆಯಿಂದ ಕೊಳ್ಳುವವನಿಗೆ ನಷ್ಟವೇನು ಎಂದು. ಕೇಳಲು ಸರಿಯೆನಿಸುವ ವಾದ, ಆದರೆ ನಿಲ್ಲುವುದಿಲ್ಲ. ಅಂಗಡಿಗಳ ಮುಂದೆ ಕಟ್ಟುವ ಮೇಲ್ಕಟ್ಟು ಬಟ್ಟೆಯ ವ್ಯವಹಾರ ಮಾಡುವ ನನ್ನ ಮಿತ್ರರೊಬ್ಬರ ಅನುಭವ ಇದಕ್ಕೆ ಉತ್ತರ. ಅವರ ಕೆಂಪು ಬಟ್ಟೆ ಪ್ರತಿದೀಪ್ತ ದೀಪದ ಯಂತ್ರದಲ್ಲಿ ನೂರಾರು ಗಂಟೆ ಇದ್ದರೂ ಹೇಳಿಕೊಳ್ಳುವಷ್ಟು ಬಣ್ಣ ಬಿಟ್ಟಿರಲಿಲ್ಲ. ಬಳ್ಳಾರಿ ಕಡೆಯ ಒಂದು ಹೋಟೆಲಿನ ಮುಂದೆ ಕಟ್ಟಿದ್ದು ಒಂದೇ ಬೇಸಿಗೆಯಲ್ಲಿ ಮಾಸಿದ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಮಿತ್ರರು ಹಣ ಹಿಂದಿರುಗಿಸಿದರು.

ಕಾರಣ ಎರಡು. ಪ್ರತಿದೀಪ್ತ ನೇರಳಾತೀತ ದೀಪಗಳಲ್ಲಿ 400 ನ್ಯಾನೋಮೀಟರಿನಿಂದ ಮೇಲೆ ಬೆಳಕು ಬಹುತೇಕ ಇಲ್ಲ. ಆದರೆ ಅನೇಕ ಬಣ್ಣಗಳು ಮಾಸುವುದು ಉದ್ದ ತರಂಗದ ನೇರಳಾತೀತದಿಂದ ಮತ್ತು ಕಣ್ಣಿಗೆ ಕಾಣುವ ಬೆಳಕಿನಿಂದಲೇ. ಬಣ್ಣವೆಂದರೆ ಕಾಣುವ ಬೆಳಕನ್ನು ಹೀರುವ ವಸ್ತು ತಾನೆ! ಎರಡನೆಯದು ಶಾಖ. ನಿಜವಾದ ಬಿಸಿಲಿನಲ್ಲಿ ಗಾಢ ಬಣ್ಣದ ಬಟ್ಟೆ ಬಿಳಿಯ ಬಟ್ಟೆಗಿಂತ ಹೆಚ್ಚು ಕಾಯುತ್ತದೆ, ಕಾದಷ್ಟೂ ಕೆಡುವ ವೇಗ ಹೆಚ್ಚುತ್ತದೆ. ಪ್ರತಿದೀಪ್ತ ಯಂತ್ರದಲ್ಲಿ ಬಿಳಿ, ಕೆಂಪು, ಕಪ್ಪು ಎಲ್ಲವೂ ಹೆಚ್ಚುಕಡಿಮೆ ಒಂದೇ ಬಿಸಿಯಲ್ಲಿರುತ್ತವೆ. ಹೀಗೆ ಒಂದೇ ಜಾತಿಯ ದೀಪಗಳು ಒಳ್ಳೆಯ ಲೇಪನವನ್ನು ಅನ್ಯಾಯವಾಗಿ ಬೀಳಿಸಬಲ್ಲವು, ಕೆಟ್ಟ ಬಣ್ಣವನ್ನು ಸುಮ್ಮನೆ ದಾಟಿಸಲೂ ಬಲ್ಲವು. ಕಠಿಣ ದೀಪ, ಮೃದು ದೀಪ ಎಂಬ ಅಳತೆಯೇ ಇಲ್ಲಿ ಸಲ್ಲದು.

ಬಣ್ಣ ಮಾಸುವ ಪ್ರಶ್ನೆ ಇರುವಲ್ಲೆಲ್ಲ ಉತ್ತರ ಕ್ಸೆನಾನ್ ಆರ್ಕ್ ದೀಪ. ಇದಕ್ಕೆ ಮುಂಚೆ, ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ, ಇಂಗಾಲದ ಕಡ್ಡಿಗಳ ನಡುವೆ ಕಿಡಿ ಹೊತ್ತಿಸುವ ಕಾರ್ಬನ್ ಆರ್ಕ್ ದೀಪಗಳೇ ರೂಢಿಯಲ್ಲಿದ್ದವು. ಅವುಗಳ ಬೆಳಕು ಬಿಸಿಲನ್ನು ಅಷ್ಟಾಗಿ ಹೋಲುವುದಿಲ್ಲ, ಆದರೂ ಹಳೆಯ ವಿವರಪತ್ರಗಳಲ್ಲಿ ಅವುಗಳ ಹೆಸರು ಈಗಲೂ ಸಿಗುತ್ತದೆ. 1950ರ ದಶಕದಲ್ಲಿ ಬಂದ ಕ್ಸೆನಾನ್ ಯಂತ್ರಗಳು ನೇರಳಾತೀತದಿಂದ ಹಿಡಿದು ಕಾಣುವ ಬೆಳಕಿನವರೆಗೆ ಇಡೀ ಪಟ್ಟಿಯಲ್ಲಿ ಬಿಸಿಲಿಗೆ ಅತ್ಯಂತ ಸಮೀಪವಾಗಿವೆ. ಬಟ್ಟೆ ವ್ಯಾಪಾರದವರಿಗೆ ಈ ಗೊಂದಲ ಕಡಿಮೆ ಎನ್ನಬಹುದು. ಐಎಸ್‌ಒ 105-ಬಿ02 ಮಾನಕವೂ ನಮ್ಮ ಭಾರತೀಯ ಮಾನಕ 2454ವೂ ಕ್ಸೆನಾನ್ ದೀಪವನ್ನೇ ಹೆಸರಿಸಿವೆ.

ಆದರೆ ಕ್ಸೆನಾನ್ ಎಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಆ ದೀಪ ತಾನಾಗಿ ಬಿಸಿಲಲ್ಲ; ಅದರ ಸುತ್ತ ಇರಿಸುವ ಗಾಜಿನ ಸೋಸುಕವೇ ಅದನ್ನು ಬಿಸಿಲಾಗಿಸುತ್ತದೆ. ಹಗಲು ಬೆಳಕಿನ ಸೋಸುಕ ಹಾಕಿದರೆ ಬಯಲಿನ ಬಿಸಿಲು, ಕಿಟಕಿ ಗಾಜಿನ ಸೋಸುಕ ಹಾಕಿದರೆ ಗಾಜಿನ ಹಿಂದಿನ ಬಿಸಿಲು. ರೇಷ್ಮೆ ಸೀರೆಯನ್ನು ಅಂಗಡಿಯ ಗಾಜಿನ ಕಪಾಟಿನಲ್ಲಿ ತಿಂಗಳುಗಟ್ಟಲೆ ಇಡುವ ನಮ್ಮ ಜವಳಿ ವರ್ತಕರಿಗೆ ಬೇಕಾದದ್ದು ಎರಡನೆಯದು, ಮೇಲ್ಕಟ್ಟಿನ ಬಟ್ಟೆಯವರಿಗೆ ಮೊದಲನೆಯದು. ಸಾಮಾನ್ಯ ಕಿಟಕಿ ಗಾಜು ಚಿಕ್ಕ ತರಂಗದ ನೇರಳಾತೀತವನ್ನು ತಡೆದು ಉದ್ದದ್ದನ್ನು ಒಳಗೆ ಬಿಡುತ್ತದೆ. ಸೀರೆ ಗಾಜಿನ ಹಿಂದೆಯೂ ಮಾಸುವುದು ಅದರಿಂದಲೇ. ಸೋಸುಕಗಳೂ ದೀಪಗಳೂ ಬಳಸಿದಂತೆ ಹಳತಾಗುತ್ತವೆ, ಅವುಗಳನ್ನು ಸಕಾಲದಲ್ಲಿ ಬದಲಿಸದ ಪ್ರಯೋಗಾಲಯದ ಫಲಿತಾಂಶವನ್ನು ನಂಬುವುದು ಕಷ್ಟ.

ಇನ್ನು ಗಂಟೆಯ ವಿಷಯ. ಇದರಲ್ಲಿ ನಮ್ಮವರು ಮೋಸ ಹೋಗುವಷ್ಟು ಬೇರೆಲ್ಲೂ ಹೋಗುವುದಿಲ್ಲ. ದೀಪದ ಪ್ರಖರತೆಯನ್ನು ಸಾಮಾನ್ಯವಾಗಿ 340 ನ್ಯಾನೋಮೀಟರಿನಲ್ಲಿ ಅಳೆಯುತ್ತಾರೆ. ಒಂದು ಚದರ ಮೀಟರಿಗೆ, ಒಂದು ನ್ಯಾನೋಮೀಟರಿಗೆ ಎಷ್ಟು ವ್ಯಾಟ್ ಎಂಬುದು ಅದರ ಮಾನ. ಎಎಸ್‌ಟಿಎಂ ಜಿ 155ರ ಮೊದಲ ಆವರ್ತದಲ್ಲಿ ಕ್ಸೆನಾನ್ ದೀಪವನ್ನು 0.35ರಲ್ಲಿ ಉರಿಸುತ್ತಾರೆ. ಐಎಸ್‌ಒ 4892ರ ಎರಡನೆಯ ಭಾಗದ ರೂಢಿಯ ಆವರ್ತದಲ್ಲಿ 0.51. ಎರಡರಲ್ಲೂ 102 ನಿಮಿಷ ಒಣ ಬೆಳಕು, ನಂತರ 18 ನಿಮಿಷ ಬೆಳಕಿನೊಡನೆ ನೀರಿನ ಸಿಂಪಡಣೆ. ನೋಡಲು ಒಂದೇ ಪರೀಕ್ಷೆ. ಆದರೆ 1000 ಗಂಟೆಗಳ ಲೆಕ್ಕ ಹಾಕಿದರೆ ಮೊದಲನೆಯದರಲ್ಲಿ ಫಲಕಕ್ಕೆ ಬಿದ್ದದ್ದು 1260 ಕಿಲೋಜೂಲ್, ಎರಡನೆಯದರಲ್ಲಿ 1836. ಒಂದೇ ದೀಪ, ಅಷ್ಟೇ ಗಂಟೆ, ಬಿಸಿಲು ಮಾತ್ರ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಜಿ 154ರಲ್ಲಿ ಯುವಿಎ-340 ದೀಪವನ್ನು 0.89ರಲ್ಲಿ ಎಂಟು ಗಂಟೆ ಉರಿಸಿ ನಾಲ್ಕು ಗಂಟೆ ಆರಿಸಿ ತೇವದಲ್ಲಿಡುವ ಆವರ್ತವೊಂದಿದೆ. ಅಲ್ಲಿ ಸಾವಿರ ಗಂಟೆಯಲ್ಲಿ ಮೂರನೇ ಒಂದು ಪಾಲು ಕತ್ತಲೆಯೇ. ಆದರೂ ಬಿದ್ದ ಪ್ರಮಾಣ 2130 ಕಿಲೋಜೂಲ್ ದಾಟುತ್ತದೆ. ಬೇಸಿಗೆಯ ನಡುಹಗಲಿನ ಬಿಸಿಲು ಇದೇ ಅಳತೆಯಲ್ಲಿ ಸುಮಾರು 0.68 ಇರುತ್ತದೆ ಎಂಬುದನ್ನು ಹೋಲಿಕೆಗೆ ನೆನಪಿಡಬಹುದು.

ಇಷ್ಟಾದ ಮೇಲೂ ‘ಸಾವಿರ ಗಂಟೆ ಎಂದರೆ ಎಷ್ಟು ವರ್ಷ?’ ಎಂದು ಗ್ರಾಹಕರು ಕೇಳಿಯೇ ಕೇಳುತ್ತಾರೆ. ಒಂದು ಅಂಕಿಯನ್ನು ಹೇಳಿಬಿಡುವ ಮಾರಾಟಗಾರರಿಗೆ ನಮ್ಮಲ್ಲಿ ಕೊರತೆಯಿಲ್ಲ. ಎಲ್ಲ ಸರಕಿಗೂ, ಎಲ್ಲ ಊರಿಗೂ ಸಲ್ಲುವ ಅಂಥ ಅಂಕಿ ಇಲ್ಲ. ಕಲಬುರಗಿಯ ಒಣ ಬಿಸಿಲಿನಲ್ಲಿ ವರ್ಷ ಕಳೆದ ಟಾರ್ಪಾಲಿನ್ನಿಗೂ ಮಂಗಳೂರಿನ ಮಳೆ, ಉಪ್ಪುಗಾಳಿ, ಬಿಸಿಲು ಮೂರನ್ನೂ ಉಂಡ ಟಾರ್ಪಾಲಿನ್ನಿಗೂ ಒಂದೇ ಆಯುಸ್ಸು ಎಂದು ಯಾವ ವ್ಯಾಪಾರಿಯೂ ನಂಬುವುದಿಲ್ಲ, ಯಂತ್ರದ ವರದಿ ಕೈಗೆ ಬಂದಾಗ ಮಾತ್ರ ನಂಬುತ್ತಾನೆ!

ಸೌರ ಫಲಕಗಳ ವ್ಯಾಪಾರದಲ್ಲಿರುವ ಸದಸ್ಯರಿಗೆ ಒಂದು ಮಾತು. ಅಲ್ಲಿನ ಕೃತಕ ಬಿಸಿಲಿನ ಉದ್ದೇಶವೇ ಬೇರೆ. ಫಲಕವನ್ನು ಕೆಡಿಸುವುದಲ್ಲ, ಎಷ್ಟು ವ್ಯಾಟ್ ಕೊಡುತ್ತದೆ ಎಂದು ಅಳೆಯುವುದು. ಚದರ ಮೀಟರಿಗೆ 1000 ವ್ಯಾಟ್ ಬೆಳಕು, ಕೋಶದ ಉಷ್ಣತೆ 25 ಡಿಗ್ರಿ ಎಂಬುದು ಅಲ್ಲಿನ ನಿಯಮ. ಆ ದೀಪಗಳಿಗೆ ಐಇಸಿ 60904-9 ಮಾನಕವು ಮೂರು ಅಕ್ಷರಗಳ ದರ್ಜೆ ಕೊಡುತ್ತದೆ: ಮೊದಲ ಅಕ್ಷರ ಬೆಳಕಿನ ವರ್ಣಪಟ್ಟಿ ಬಿಸಿಲಿಗೆ ಎಷ್ಟು ಹೊಂದುತ್ತದೆ ಎಂಬುದಕ್ಕೆ, ಎರಡನೆಯದು ಫಲಕದ ಉದ್ದಗಲಕ್ಕೂ ಬೆಳಕು ಸಮನಾಗಿ ಬೀಳುತ್ತದೆಯೇ ಎಂಬುದಕ್ಕೆ, ಮೂರನೆಯದು ಅದು ಸ್ಥಿರವೇ ಎಂಬುದಕ್ಕೆ. ವರ್ಣಪಟ್ಟಿಯಲ್ಲಿ ‘ಎ’ ಎಂದರೂ ಪ್ರತಿ ಪಟ್ಟಿಯಲ್ಲಿ ನೂರಕ್ಕೆ 25ರವರೆಗೆ ವ್ಯತ್ಯಾಸಕ್ಕೆ ಅವಕಾಶವಿದೆ. 2020ರ ಪರಿಷ್ಕರಣೆಯಲ್ಲಿ ಅದರ ಅರ್ಧದಷ್ಟು ಬಿಗಿಯಾದ ‘ಎ ಪ್ಲಸ್’ ದರ್ಜೆ ಬಂದಿತು. ಫಲಕದ ವ್ಯಾಟ್ ಲೆಕ್ಕದಲ್ಲಿ ಹಣ ಕೊಡುವವರು ಅಳೆದ ದೀಪದ ದರ್ಜೆಯನ್ನು ಕೇಳಿ ಪಡೆಯಬೇಕು.

ಈಗ ನಾವು ಮಾಡಬೇಕಾದ್ದೇನು? ಮೊದಲನೆಯದಾಗಿ ಆದೇಶಪತ್ರದ ಭಾಷೆ ಬದಲಾಗಬೇಕು. ಯಾವ ಮಾನಕ, ಯಾವ ದೀಪ, ಯಾವ ಸೋಸುಕ, ಎಷ್ಟು ಪ್ರಖರತೆ, ಯಾವ ಆವರ್ತ, ಎಷ್ಟು ಉಷ್ಣತೆ, ಕೊನೆಗೆ ಏನನ್ನು ಅಳೆಯಬೇಕು, ಇಷ್ಟನ್ನು ಕೊಳ್ಳುವವರು ಬರೆಯದಿದ್ದರೆ ಒಪ್ಪಿಕೊಳ್ಳುವ ಮೊದಲು ನಾವೇ ಪತ್ರ ಬರೆದು ಕೇಳಬೇಕು. ಕೇಳಿದರೆ ಆದೇಶ ಕೈತಪ್ಪೀತು ಎಂಬ ಅಂಜಿಕೆ ನನಗೂ ಇತ್ತು. ಕೇಳಲು ಆರಂಭಿಸಿದ ಮೇಲೆ ಒಂದು ಆದೇಶವೂ ತಪ್ಪಿಲ್ಲ. ಹೆಚ್ಚಿನವರು ‘ನೀವೇ ಸೂಚಿಸಿ’ ಎಂದು ಉತ್ತರಿಸಿದ್ದಾರೆ. ಇದಕ್ಕೆ ಸರಕುವಾರು ಒಂದು ಮಾದರಿ ಒಕ್ಕಣೆಯನ್ನು ನಮ್ಮ ಸಂಸ್ಥೆಯೇ ಸಿದ್ಧಪಡಿಸಿ ಸದಸ್ಯರಿಗೆ ಹಂಚಬೇಕೆಂದು ಕೋರುತ್ತೇನೆ. ಪ್ರಯೋಗಾಲಯವನ್ನು ಆರಿಸುವಾಗಲೂ ಎನ್‌ಎಬಿಎಲ್ ಮಾನ್ಯತೆ ಇದೆ ಎಂಬಲ್ಲಿಗೆ ನಿಲ್ಲದೆ, ನಮಗೆ ಬೇಕಾದ ಪರೀಕ್ಷೆ ಆ ಮಾನ್ಯತೆಯ ವ್ಯಾಪ್ತಿಯ ಪಟ್ಟಿಯಲ್ಲಿ ಇದೆಯೇ ಎಂದು ನೋಡಬೇಕು.

ಎರಡನೆಯದು ಯಂತ್ರದ ಪ್ರಶ್ನೆ. ಕ್ಸೆನಾನ್ ಯಂತ್ರದ ಬೆಲೆ ಪ್ರತಿದೀಪ್ತ ಯಂತ್ರದ ಹಲವು ಪಟ್ಟು. ವಿದ್ಯುತ್, ತಂಪುಗೊಳಿಸುವ ವ್ಯವಸ್ಥೆ, ಬದಲಿ ದೀಪಗಳ ಖರ್ಚು ಬೇರೆ. ಸಿಂಪಡಿಸಲು ಲವಣ ತೆಗೆದ ಶುದ್ಧ ನೀರೇ ಬೇಕು; ನಮ್ಮ ಬಯಲುಸೀಮೆಯ ಕೊಳವೆಬಾವಿ ನೀರನ್ನು ಹಾಗೆಯೇ ಬಿಟ್ಟರೆ ಫಲಕದ ಮೇಲೆ ಬಿಳಿ ಕಲೆ ಕೂತು ಲೇಪನವೇ ಪುಡಿಯಾಯಿತೆಂಬ ಭ್ರಮೆ ಹುಟ್ಟಿಸುತ್ತದೆ. ಇದು ಒಬ್ಬ ಸಣ್ಣ ಉದ್ಯಮಿಯ ಕೈಲಾಗುವ ಕೆಲಸವಲ್ಲ, ಸಾಲ ಮಾಡಿ ಕೊಳ್ಳಬೇಡಿ ಎಂದೇ ಹೇಳುತ್ತೇನೆ. ಆದರೆ ಪ್ಲಾಸ್ಟಿಕ್, ಲೇಪನ, ಬಟ್ಟೆ ಮೂರೂ ವಲಯದ ಸದಸ್ಯರು ಒಟ್ಟುಗೂಡಿದರೆ ಒಂದು ಸಾಮಾನ್ಯ ಸೌಲಭ್ಯ ಕೇಂದ್ರ ಅಸಾಧ್ಯವೇನಲ್ಲ. ಕೇಂದ್ರ ಸರ್ಕಾರದ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಕ್ಲಸ್ಟರ್ ಅಭಿವೃದ್ಧಿ ಕಾರ್ಯಕ್ರಮ ಇಂಥ ಕೇಂದ್ರಗಳಿಗೆಂದೇ ರೂಪಿತವಾದದ್ದು, ಪರೀಕ್ಷಾ ಸೌಲಭ್ಯವೂ ಅದರ ವ್ಯಾಪ್ತಿಯಲ್ಲಿ ಬರುತ್ತದೆ. ಒಂದು ಕ್ಸೆನಾನ್ ಯಂತ್ರ, ಎರಡು ಯುವಿಎ-340 ಯಂತ್ರ, ಒಬ್ಬ ತಿಳಿದ ತಂತ್ರಜ್ಞ, ಇಷ್ಟರಿಂದ ಆರಂಭಿಸಬಹುದು. ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಈ ಬೇಡಿಕೆಯನ್ನು ಲಿಖಿತವಾಗಿ ಮಂಡಿಸಲಿದ್ದೇನೆ. ಬೆಂಬಲಿಸುವ ಸದಸ್ಯರು ತಮ್ಮ ಸರಕು ಯಾವುದು, ವರ್ಷಕ್ಕೆ ಎಷ್ಟು ಪರೀಕ್ಷೆ ಮಾಡಿಸುತ್ತಾರೆ ಎಂಬ ವಿವರವನ್ನು ಕಾರ್ಯಾಲಯಕ್ಕೆ ಕಳುಹಿಸಿದರೆ ಯೋಜನಾ ವರದಿಗೆ ಉಪಯೋಗವಾಗುತ್ತದೆ.

ಅದು ಕೈಗೂಡುವವರೆಗೆ ಕಾಯಬೇಕಾಗಿಲ್ಲ. ಮಾಳಿಗೆಯ ಮೇಲೆ ದಕ್ಷಿಣಕ್ಕೆ ಮುಖಮಾಡಿ ಓರೆಯಾಗಿ ನಿಲ್ಲಿಸಿದ ಕಬ್ಬಿಣದ ಚೌಕಟ್ಟಿಗೆ ಯಾವ ಮಾನ್ಯತೆಯೂ ಬೇಡ, ವಿದ್ಯುತ್ತೂ ಬೇಡ. ಪ್ರತಿ ಕಂತಿನ ಒಂದು ತುಂಡಿಗೆ ದಿನಾಂಕದ ಚೀಟಿ ಕಟ್ಟಿ ಅಲ್ಲಿ ಬಿಡಬೇಕು, ಅದರ ಜೊತೆಯ ತುಂಡನ್ನು ಕತ್ತಲೆಯ ಪೆಟ್ಟಿಗೆಯಲ್ಲಿ ಹೋಲಿಕೆಗಿಡಬೇಕು, ಮೂರು ತಿಂಗಳಿಗೊಮ್ಮೆ ಎರಡನ್ನೂ ಒಟ್ಟಿಗಿಟ್ಟು ಛಾಯಾಚಿತ್ರ ತೆಗೆದು ಪುಸ್ತಕದಲ್ಲಿ ಬರೆಯಬೇಕು. ದೀಪದ ವರದಿ ಬಂದಾಗ ಅದು ಮಾಳಿಗೆಯ ತುಂಡಿನೊಡನೆ ಒಪ್ಪುತ್ತದೆಯೇ ಎಂದು ನೋಡಿದರೆ ಆ ದೀಪ ನಮ್ಮ ಸರಕಿಗೆ ಸರಿಯೇ ತಪ್ಪೇ ಎಂಬುದು ತಿಳಿಯುತ್ತದೆ. ಬೆಂಚಿನ ಆ ಹಳೆಯ ಗ್ರಾಹಕರು ಮತ್ತೆ ಆದೇಶ ಕೊಡಲು ಬಂದಾಗ ಅವರನ್ನು ಮೊದಲು ಮಾಳಿಗೆಗೆ ಕರೆದೊಯ್ದೆ. ಹೊಸ ಆದೇಶಪತ್ರದಲ್ಲಿ ಕ್ಸೆನಾನ್ ಎಂದು ಬರೆದಿದೆ, ಸೋಸುಕದ ಹೆಸರೂ ಇದೆ. ನಮ್ಮ ಚೌಕಟ್ಟಿನಲ್ಲಿ ಇನ್ನೂ ಹತ್ತಿಪ್ಪತ್ತು ತುಂಡುಗಳಿಗೆ ಜಾಗವಿದೆ. ಸ್ವಂತ ಮಾಳಿಗೆಯಿಲ್ಲದ ಸದಸ್ಯರು ಕಾರ್ಯಾಲಯದ ಮೂಲಕ ಕಳುಹಿಸಿದರೆ ಕಟ್ಟಿಡುತ್ತೇನೆ.